‘ಆಗಲ್ಲ’ ಕಲಿಸುವ ಮಿಸ್

ಹೆಸರು ಹಾಕಕೂಡದು ಎಂದು ಮೇಡಂ ಮೊದಲೇ ಕರಾರು ಮಾಡಿಸಿಕೊಂಡಿದ್ದಾರೆ. “ಬರೀರಿಂಗ, ಯಾರು ಬೇಡ ಅಂದೋರು? ಹೆಸರು ಮಾತ್ರ ಬೇಡ. ಹೆಸರು ಬಂತೂಂದ್ರೆ ನಾಳೆಯಿಂದ ಇನ್ಶೂರೆನ್ಸ್ ಏಜೆಂಟುಗಳೆಲ್ಲಾ ನಮ್ಮ ಮನೆ ಬಾಗ್ಲಲ್ಲಿ ಬಂದು ನಿಂತ್ಕತಾರೆ” ಎಂದರು. ಅಷ್ಟೇ ಅಲ್ಲ, ಬರೆದದ್ದನ್ನು ಅವರ ಮುಂದೆ ಓದಿ ಹೇಳಬೇಕಂತೆ. ಮನೆಮಾತು ಕನ್ನಡವಾದರೂ ಅವರಿಗೆ ಕನ್ನಡ ಅಕ್ಷರ ಬರುವುದಿಲ್ಲ. ಒಳ್ಳೆಯದೇ ಆಯಿತು. ಬೇಕಾದ ಕಡೆ ನಾಲ್ಕು ಸಾಲು ಹಾರಿಸಿ ಓದಿದರೆ ಅವರಿಗೆಲ್ಲಿ ಗೊತ್ತಾಗುತ್ತದೆ!

ಕಳೆದ ತಿಂಗಳು ಅವರು ನಿವೃತ್ತರಾದರು. ಕೊಯಮತ್ತೂರಿನ ಶರವಣಂಪಟ್ಟಿಯ ನಮ್ಮ ಕಾಲೇಜಿನಲ್ಲಿ ಶಾಲು, ಗಂಧದ ಹಾರ, ಹೊರಲಾರದಷ್ಟು ದೊಡ್ಡ ಗೋಡೆ ಗಡಿಯಾರ ಎಲ್ಲಾ ಆಯಿತು. ಗಡಿಯಾರ ಕೈಗೆ ಬಂದಾಗ ಅವರು ಎಡಗಣ್ಣು ಮುಚ್ಚಿ ಅದನ್ನು ಮೇಲಿನಿಂದ ಕೆಳಗೆ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಯಾವ ವಸ್ತು ಕಂಡರೂ, ಯಾವ ಬೆಲೆ ಕೇಳಿದರೂ ಅವರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ಲೆಕ್ಕ ನಡೆಯುತ್ತಿದೆ ಎಂದು ಅರ್ಥ. ಪ್ರಿನ್ಸಿಪಾಲರು ಮುಕ್ಕಾಲು ಗಂಟೆ ಹೊಗಳಿ, ಈಗ ಮೇಡಂ ಎರಡು ಮಾತಾಡಬೇಕು ಎಂದರು. ಮೇಡಂ ಎದ್ದು ಮೈಕಿನ ಮುಂದೆ ನಿಂತು, “ಎಲ್ಲರಿಗೂ ನನ್ರಿ. ಸಾಪಾಡು ಆರಿ ಹೋಗ್ತಾ ಇದೆ, ಬನ್ನಿ” ಎಂದು ತಮಿಳಿನಲ್ಲಿ ಧನ್ಯವಾದ ಹೇಳಿ, ಊಟಕ್ಕೆ ಕರೆದು ಕೆಳಗಿಳಿದುಬಿಟ್ಟರು. ಆವತ್ತು ಅತಿ ಜೋರು ಚಪ್ಪಾಳೆ ಬಿದ್ದದ್ದು ಆ ಭಾಷಣಕ್ಕೇ.

ನಾನು ಈ ಊರಿಗೆ ಬಂದದ್ದು ಗಂಡನ ಕೆಲಸದ ಹಿಂದೆ. ದಾವಣಗೆರೆಯಿಂದ ಗಂಟುಮೂಟೆ ಕಟ್ಟಿಕೊಂಡು ಕೊಯಮತ್ತೂರಿಗೆ ಬಂದು, ಈ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸ ಹಿಡಿದ ಹೊಸತು. ತಮಿಳು ಒಂದಕ್ಷರ ಬಾರದು. ಒಂದು ಬೆಳಿಗ್ಗೆ ಆಟೋದವನು ಚೆನ್ನಾಗಿ ಟೋಪಿ ಹಾಕಿದ್ದ. ಸ್ಟಾಫ್ ರೂಮಿಗೆ ಬಂದು, ಯಾರಿಗೂ ಅರ್ಥವಾಗುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ, ಅವನ ವಂಶವನ್ನೆಲ್ಲಾ ಕನ್ನಡದಲ್ಲಿ ಉದ್ಧಾರ ಮಾಡುತ್ತಿದ್ದೆ. ಬೀರುವಿನ ಆಚೆ ಕಡೆಯಿಂದ ಒಂದು ದನಿ ಬಂತು: “ಎಷ್ಟು ಕೊಟ್ರಿಂಗ ಅವನಿಗೆ?”

ನಾನು ಹೌಹಾರಿದೆ. ಬೀರುವಿನ ಹಿಂದಿನಿಂದ ಕುಳ್ಳಗಿನ ಹೆಂಗಸೊಬ್ಬರು ಈಚೆ ಬಂದರು. ಗಂಜಿ ಹಾಕಿದ ಕಾಟನ್ ಸೀರೆ, ಅದರ ಕೆಳಗೆ ಹುಡುಗರು ಹಾಕುವಂಥ ಕ್ಯಾನ್ವಾಸ್ ಶೂ. ನಾನು ಕೊಟ್ಟ ದುಡ್ಡು ಹೇಳಿದೆ. ಎಡಗಣ್ಣು ಮುಚ್ಚಿತು. “ಅಯ್ಯೋ ಪಾವಮೇ, ಆ ಕಾಸಿಗೆ ಮೆಟ್ಟುಪಾಳಯಂ ಹೋಗಿ ಬರಬಹುದಿತ್ತಲ್ಲಾ!”

ನೀವು ಕರ್ನಾಟಕದವರಾ ಎಂದು ಕೇಳಿದೆ. “ಇಲ್ಲಿಂಗ. ಇಲ್ಲೇ ಪಕ್ಕದ ಕುನ್ನತ್ತೂರು. ನಮ್ಮ ತಾತನ ತಾತನ ಕಾಲದಿಂದ ಕುನ್ನತ್ತೂರು ದಾ. ಮನೇಲಿ ಇದೇ ಮಾತು. ನೀವು ಮೈಸೂರು ಕಡೇನಾ?” ದಾವಣಗೆರೆ ಎಂದೆ. ಆಯಿತು ಎಂದು ತಲೆಯಾಡಿಸಿದರು. ಅವತ್ತಿನಿಂದ ಇವತ್ತಿನವರೆಗೂ ಅವರ ಬಾಯಲ್ಲಿ ನಾನು ‘ಮೈಸೂರಮ್ಮ’. ಜಪ್ಪಯ್ಯ ಅಂದರೂ ಬದಲಾಯಿಸುವುದಿಲ್ಲ. ಅವರ ಲೆಕ್ಕದಲ್ಲಿ ಕರ್ನಾಟಕದ ದಾರಿಯ ಬಣ್ಣಾರಿ ಘಾಟಿ ಹತ್ತಿದ ಮೇಲೆ ಇರುವುದೆಲ್ಲಾ ಮೈಸೂರೇ.

ಎಡಗಣ್ಣು ಮುಚ್ಚುತ್ತಾರೆ ಎಂದ ಕೂಡಲೇ ಜಿಪುಣಿ ಎಂದುಕೊಳ್ಳಬೇಡಿ. ಸಂಬಳದ ದಿನ ನನ್ನನ್ನು ಎಳೆದುಕೊಂಡು ಹೋಗಿ ಒಳ್ಳೆಯ ಹೋಟೆಲಿನಲ್ಲಿ ತುಪ್ಪದ ದೋಸೆ, ಡಿಗ್ರಿ ಕಾಫಿ ಕೊಡಿಸುತ್ತಿದ್ದರು. ಕಾಫಿಯ ಬೆಲೆ ನೋಡಿ ಒಮ್ಮೆ ನಾನೇ ಬೆಚ್ಚಿಬಿದ್ದು, ಕಾಲೇಜ್ ಕ್ಯಾಂಟೀನಿನಲ್ಲೇ ಕುಡಿಯಬಹುದಿತ್ತು ಎಂದೆ. ಸರಿಯಾಗಿ ಬೈಸಿಕೊಂಡೆ. “ಕುಡಿಯೋ ಮುಂಚೆ ಬೆಲೆ ಕೇಳಿಂಗ, ಬೇಡಾಂದ್ರೆ ಎದ್ದು ಹೋಗಿಂಗ. ಕುಡಿಯೋಕೆ ಕೂತ ಮೇಲೆ ಕಾಫಿ ನೆನೀಬೇಕು, ಕಾಸು ನೆನೀಬಾರದು.” ಲೋಟ ಎತ್ತಿ, ಕಣ್ಣು ಎರಡೂ ಮುಚ್ಚಿ ಕುಡಿಯುತ್ತಿದ್ದರು. ಆ ಹೊತ್ತಿನಲ್ಲಿ ಮಾತಾಡಿಸಿದರೆ ಕೋಪ ಬರುತ್ತಿತ್ತು.

ಅವರು ಕಾಮರ್ಸ್ ವಿಭಾಗದವರು. ಅಕೌಂಟೆನ್ಸಿ ಪಾಠ ಚೆನ್ನಾಗಿಯೇ ಮಾಡುತ್ತಿದ್ದರು, ಆದರೆ ಅದನ್ನು ಚೆನ್ನಾಗಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅವರ ಹೆಸರು ಕಾಲೇಜಿನಲ್ಲಿ ಓಡಾಡುತ್ತಿದ್ದದ್ದು ಶುಕ್ರವಾರದ ಕೊನೆಯ ಪೀರಿಯಡ್ಡಿನಿಂದ. ಕೊನೆಯ ವರ್ಷದ ಮಕ್ಕಳಿಗೆ ತಮ್ಮ ದುಡ್ಡು ತಾವು ನೋಡಿಕೊಳ್ಳುವುದನ್ನು ಕಲಿಸುವ ತರಗತಿ ಅದು. ಪರೀಕ್ಷೆಯಿಲ್ಲ, ಮಾರ್ಕಿಲ್ಲ. ಟೈಮ್‌ಟೇಬಲಿನಲ್ಲಿ ಅದಕ್ಕೆ ಒಂದು ಮೊಳ ಉದ್ದದ ಇಂಗ್ಲಿಷ್ ಹೆಸರಿತ್ತು. ಮಕ್ಕಳು ಅದನ್ನು ಕರೆಯುತ್ತಿದ್ದದ್ದು ‘ಮುಡಿಯಾದು ಕ್ಲಾಸ್’ ಎಂದು. ಮುಡಿಯಾದು ಎಂದರೆ ತಮಿಳಿನಲ್ಲಿ ‘ಆಗಲ್ಲ’.

ಮೊದಲ ಸಲ ನಾನು ಆ ಕ್ಲಾಸಿಗೆ ಹೋಗಿ ಕೂತದ್ದು ತಮಿಳು ಕಲಿಯುವ ಆಸೆಗೆ. ಒಬ್ಬ ಹುಡುಗ ಹೊಸ ಫೋನು ಹಿಡಿದು ಬಂದಿದ್ದ. ಎಷ್ಟು ಎಂದು ಮೇಡಂ ಕೇಳಿದರು. ಅವನು ಬೆಲೆ ಹೇಳದೆ, ತಿಂಗಳ ಕಂತು ಹೇಳಿದ. “ಬರೀ ಅಷ್ಟೇ ಮಿಸ್” ಎಂದ.

“ಸರಿ ಕಣ್ಣು. ಎಷ್ಟು ದೀಪಾವಳಿ?”

‘ಕಣ್ಣು’ ಎಂದರೆ ಇಲ್ಲಿ ಮರಿ, ಕಂದ ಎಂದ ಹಾಗೆ. ಹುಡುಗ ಕಣ್ಣು ಪಿಳಿಪಿಳಿ ಬಿಟ್ಟ. ಮೇಡಂ ಬಿಡಿಸಿ ಹೇಳಿದರು. ಈ ಸೀಮೆಯಲ್ಲಿ, ಅದರಲ್ಲೂ ತಿರುಪ್ಪೂರಿನ ಬನಿಯನ್ ಕಂಪನಿಗಳ ಕಡೆ, ವರ್ಷ ಎಂದರೆ ದೀಪಾವಳಿ. ಬೋನಸ್ ಬರುವುದು ಆಗ, ಸಾಲ ತೀರುವುದು ಆಗ, ಹೊಸ ಬಟ್ಟೆ ಆಗ. ಈ ಫೋನಿನ ಕಂತು ಮುಗಿಯುವುದರೊಳಗೆ ಎಷ್ಟು ದೀಪಾವಳಿ ಬಂದು ಹೋಗುತ್ತದೆ, ಆ ದೀಪಾವಳಿಗಳಲ್ಲಿ ನಿನ್ನ ಕೈಯಲ್ಲಿ ಎಷ್ಟಿರುತ್ತದೆ ಹೇಳು ಎಂದರು. ಹುಡುಗ ಬೆರಳು ಮಡಚಿ, “ಎರಡು ಮಿಸ್” ಎಂದವನು, ಫೋನನ್ನು ತಿರುಗಿಸಿ ನೋಡಿ, “ಅಷ್ಟರಲ್ಲಿ ಇದು ಕೆಟ್ಟೇ ಹೋಗಿರುತ್ತೆ” ಎಂದ. ಇಡೀ ಕ್ಲಾಸು ಗೊಳ್ಳೆಂದಿತು. ಆಮೇಲೆ ಅದೇ ಕಾಲೇಜಿನ ಅಳತೆಗೋಲಾಯಿತು. ಕ್ಯಾಂಟೀನಿನಲ್ಲಿ, ಬಸ್ ಸ್ಟಾಪಿನಲ್ಲಿ, “ನಿನ್ನ ಬೈಕು ಎಷ್ಟು ದೀಪಾವಳಿ ಮಚ್ಚಾ?” “ನಾಲ್ಕು!” ಎಂಬ ಮಾತು ಕಿವಿಗೆ ಬೀಳುತ್ತಿತ್ತು. ನನ್ನ ಗಂಡ ದೊಡ್ಡ ಟಿವಿ ತರುತ್ತೇನೆ ಎಂದಾಗ ನಾನೂ ಅದೇ ಪ್ರಶ್ನೆ ಕೇಳಿ ಅವರ ಮುಖ ಊದಿಸಿದ್ದೆ.

ಆದರೆ ಮೇಡಂ ಹೇಳುತ್ತಿದ್ದದ್ದು, ಲೆಕ್ಕ ಕಲಿಸುವುದು ಕಷ್ಟವಲ್ಲ. “ಬಡ್ಡಿ ಲೆಕ್ಕ ಫೋನೇ ಹಾಕಿಕೊಡುತ್ತೆ ಮೈಸೂರಮ್ಮ. ನಮ್ಮ ಮಕ್ಕಳು ಕೆಡೋದು ಲೆಕ್ಕದಲ್ಲಲ್ಲ, ದಾಕ್ಷಿಣ್ಯದಲ್ಲಿ.” ಈ ಕಡೆಯ ಜನ ಮಾತು ಮಾತಿಗೂ ‘ದಾ’ ಸೇರಿಸಿ ಒತ್ತು, ‘ಂಗ’ ಸೇರಿಸಿ ಗೌರವ ಕೊಡುವವರು. ಯಾರಾದರೂ ಬಂದು ಏನಾದರೂ ಕೇಳಿದರೆ ಆಗಲ್ಲ ಎಂದು ಮುಖಕ್ಕೆ ಹೇಳುವುದು ಕೊಲೆಗಿಂತ ಒಂದು ಮೆಟ್ಟಿಲು ಕೆಳಗಿನ ಅಪರಾಧ. ಗೆಳೆಯನ ಬೈಕಿಗೆ ತನ್ನ ಹೆಸರಿನಲ್ಲಿ ಸಾಲ ತೆಗೆದುಕೊಡುವವರು, ಯಾರದೋ ಫೋನಿಗೆ ತಾನು ಕಂತು ಕಟ್ಟುವವರು, ಅತ್ತೆಯ ಮಗನಿಗೆ ಜಾಮೀನು ನಿಲ್ಲುವವರು, ಎಲ್ಲಾ ಮೊದಲನೆಯ ಸಂಬಳ ಕೈಗೆ ಬಂದ ಆರು ತಿಂಗಳೊಳಗೆ. ಅದಕ್ಕೇ ಅವರು ಕ್ಲಾಸಿನಲ್ಲಿ ‘ಆಗಲ್ಲ’ ಎನ್ನುವುದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸುತ್ತಿದ್ದರು. ಸಂಗೀತದ ಕ್ಲಾಸಿನಲ್ಲಿ ಸರಳೆ ಹೇಳಿಸಿದ ಹಾಗೆ.

ಮೇಡಂ ಮಾವನಾಗುತ್ತಿದ್ದರು, ಅತ್ತೆಯಾಗುತ್ತಿದ್ದರು, ಗೆಳೆಯನಾಗುತ್ತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಆಗಲ್ಲ ಎನ್ನಬೇಕು. ಕಾರಣ ಹೇಳಕೂಡದು. “ಈಗ ಕಾಸಿಲ್ಲ ಅಂದ್ರೆ ಮುಂದಿನ ತಿಂಗಳು ಬತ್ತಾರೆ. ಅಪ್ಪ ಬೈತಾರೆ ಅಂದ್ರೆ ಅಪ್ಪನ ಹತ್ರ ಹೋಗ್ತಾರೆ. ಕಾರಣ ಕೊಟ್ರೆ ಅದಕ್ಕೆ ಮದ್ದು ತತ್ತಾರೆ.” ಮುಖ ಗಂಟು ಹಾಕಕೂಡದು. ಆಗಲ್ಲ ಎಂದ ಮೇಲೆ, ನಿಜವಾಗಿ ಕೊಡಬಹುದಾದದ್ದು ಏನಾದರೂ ಇದ್ದರೆ ಕೊಡಬೇಕು, ಆಸ್ಪತ್ರೆಗೆ ಜೊತೆಗೆ ಬರುತ್ತೇನೆ, ಅರ್ಜಿ ಬರೆದುಕೊಡುತ್ತೇನೆ, ಹೀಗೆ. ಇಷ್ಟೇ ಪಾಠ.

ಒಂದು ಸಲ ಶರ್ಟಿನ ತೋಳು ಮಡಚಿದ ಜಬರದಸ್ತ್ ಹುಡುಗನೊಬ್ಬ, ನೋಡಿ ಮಿಸ್ ಹೇಗೆ ಹೇಳುತ್ತೇನೆ ಎಂದು ಮುಂದೆ ಬಂದ. ಮೇಡಂ ಹೆಗಲ ಮೇಲೆ ಸೆರಗನ್ನು ಟವೆಲಿನ ಹಾಗೆ ಹಾಕಿಕೊಂಡು ಕುರ್ಚಿಯಲ್ಲಿ ಕುಸಿದು ಕೂತರು. “ಕಣ್ಣು, ಸಾಪ್ಟಾಯಾ, ಊಟ ಆಯ್ತಾ? ಸೊರಗಿ ಹೋಗಿದ್ದೀಯಲ್ಲಾ ಸಾಮಿ” ಎಂದರು. ಎರಡು ಸಲ ಕೆಮ್ಮಿದರು. ಆಮೇಲೆ ಮೆಲ್ಲಗೆ ಐದು ಸಾವಿರ ಕೇಳಿದರು. ಹುಡುಗ ಕಲ್ಲಿನ ಹಾಗೆ ನಿಂತಿದ್ದವನು ಬೆವರಿ, “ತಗೊಳ್ಳಿ ಮಾಮಾ. ಔಷಧಿಗೆ ಇನ್ನೊಂದು ಐನೂರು ಇಟ್ಟುಕೊಳ್ಳಿ” ಎಂದುಬಿಟ್ಟ! ಕೇಳದಿದ್ದ ಐನೂರು ಯಾಕೆ ಕೊಟ್ಟೆಯೋ ಎಂದರೆ, “ನೀವು ಕೆಮ್ಮಿದ್ರಲ್ಲಾ ಮಿಸ್” ಎಂದು ಅಳುಮುಖ ಮಾಡಿದ. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಮೇಡಂ ಮಾತ್ರ ನಗದೆ, “ನಾಳೆ ನಿಜವಾದ ಮಾಮಾ ಇದಕ್ಕಿಂತ ಚೆನ್ನಾಗಿ ಕೆಮ್ಮುತ್ತಾರೆ. ಇನ್ನೊಂದ್ಸಲ ಬಾ” ಎಂದು ಅವನನ್ನು ಬಾಗಿಲಿನಿಂದ ಮತ್ತೆ ಒಳಗೆ ಕರೆಸಿದರು.

ಇಂಥ ಹೆಂಗಸನ್ನು ನೋಡಿ, ಇವರಿಗೆ ಮೋಸ ಮಾಡುವ ಗಂಡಸು ಹುಟ್ಟಿಲ್ಲ ಎಂದುಕೊಂಡಿದ್ದೆ. ನನ್ನ ಕರ್ಮ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರಿಗೊಂದು ಫೋನು ಬಂತು. ಬ್ಯಾಂಕಿನದು. “ಕಟ್ಟಿಬಿಡ್ತೀನಿ ಸರ್, ಐದನೇ ತಾರೀಕು ಕಟ್ಟಿಬಿಡ್ತೀನಿ” ಎಂದು ಪಿಸುಗುಡುತ್ತಿದ್ದರು. ನಾನು ಬಿಡುವವಳೇ? ಕೆದಕಿ ಕೆದಕಿ ಕೇಳಿದೆ. ಹಳೆಯ ಅಟೆಂಡರ್ ಒಬ್ಬನ ಸಾಲಕ್ಕೆ ಇವರು ಜಾಮೀನು ನಿಂತಿದ್ದರು. ಆತ ಕೆಲಸ ಬಿಟ್ಟು ನಾಪತ್ತೆ. ಕಂತು ಇವರ ತಲೆಗೆ. ಅಷ್ಟಕ್ಕೇ ಮುಗಿಯಲಿಲ್ಲ. ಲ್ಯಾಬಿನವರೊಬ್ಬರ ಮಗಳ ಮದುವೆ ಸಾಲಕ್ಕೂ ಇವರದೇ ಸಹಿ. ಚಿಕ್ಕಮ್ಮ ನಡೆಸುವ ಚೀಟಿಯಲ್ಲಿ, ಲಾಭವಿಲ್ಲ ಎಂದು ಗೊತ್ತಿದ್ದೂ, ಬಿಡುತ್ತೇನೆ ಎನ್ನಲಾಗದೆ ವರ್ಷಗಟ್ಟಲೆಯಿಂದ ಇದ್ದಾರೆ.

ನನಗೆ ಪಿತ್ತ ನೆತ್ತಿಗೇರಿತು. “ವಾರ ವಾರ ಮಕ್ಕಳ ಕೈಲಿ ಆಗಲ್ಲ ಅನ್ನಿಸ್ತೀರಲ್ಲ, ನಿಮಗೇನು ಬಂದಿತ್ತು ಧಾಡಿ?”

ಅವರು ಟಿಫಿನ್ ಡಬ್ಬಿಯ ಮುಚ್ಚಳ ಒರೆಸುತ್ತಾ ಕೂತರು. “ನನಗೆ ಬರಲ್ಲ ಅಂತ ದಾ ಹೇಳಿಕೊಡೋದು. ಬರೋರಿಗೆ ಅದರ ಕಷ್ಟ ಏನು ಗೊತ್ತು? ಕೇಳೋಕೆ ಬಂದೋರ ಮುಖ ನೋಡ್ಬಿಡ್ತೀನಿ ಮೈಸೂರಮ್ಮ. ಮುಖ ನೋಡಿದ್ನೋ, ಮುಗೀತು.” ಮುಚ್ಚಳವನ್ನು ಡಬ್ಬಿಗೆ ಒತ್ತಿ, “ಮಕ್ಕಳಿಗೆ ಹೇಳ್ಬೇಡಿಂಗ” ಎಂದರು. ಅಷ್ಟು ದೊಡ್ಡ ದನಿಯ ಹೆಂಗಸು ಅಷ್ಟು ಸಣ್ಣಗೆ ಹೇಳಿದ್ದು ಕೇಳಿ ನನ್ನ ಸಿಟ್ಟೆಲ್ಲಾ ಇಳಿದುಹೋಯಿತು.

ಈಗ ಭುವನಾಳ ವಿಷಯಕ್ಕೆ ಬರಬೇಕು. ಮೆಟ್ಟುಪಾಳಯಂ ಹತ್ತಿರದ ಸಿರುಮುಗೈಯ ಹುಡುಗಿ. ಅಪ್ಪ ಅಮ್ಮ ಮನೆಯಲ್ಲೇ ರೇಷ್ಮೆ ಸೀರೆ ನೇಯುವವರು. ಅವರ ಮನೆಯದೂ ಕನ್ನಡವೇ. ಮುಡಿಯಾದು ಕ್ಲಾಸಿನಲ್ಲಿ ಇವಳಷ್ಟು ದಡ್ಡ ವಿದ್ಯಾರ್ಥಿನಿ ಇನ್ನೊಬ್ಬಳಿರಲಿಲ್ಲ. ಯಾರು ಏನು ಕೇಳಿದರೂ ಹೂಂ. ಒಮ್ಮೆ ನಾನು ಅತ್ತಿಗೆಯ ಪಾತ್ರ ಹಾಕಿ ಅವಳ ಓಲೆ ಕೇಳಿದ್ದಕ್ಕೆ, ನಿಜವಾದ ಓಲೆ ಬಿಚ್ಚಲು ಕಿವಿಗೆ ಕೈಹಾಕಿದ್ದಳು. ಡಿಗ್ರಿ ಮುಗಿಯುತ್ತಲೇ ಅವಳಿಗೆ ಶರವಣಂಪಟ್ಟಿಯಲ್ಲೇ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಫೋನಿನಲ್ಲಿ ಗಿರಾಕಿಗಳ ದೂರು ಕೇಳಿ ಸಮಾಧಾನ ಮಾಡುವ ಕೆಲಸ. ಕೆಲಸ ಸಿಕ್ಕ ಮೇಲೂ ಶುಕ್ರವಾರ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು.

ಮೊದಲ ಸಂಬಳ ಯಾವುದಕ್ಕೆ ಎಂದು ಮೇಡಂ ಕೇಳಿದಾಗ ಭುವನಾ, “ಅಮ್ಮನ ಕಾಲಿಗೆ” ಎಂದಿದ್ದಳು. ಅವರ ಮನೆಯದು ಗುಂಡಿ ಮಗ್ಗ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. ಸೀರೆಯ ಬುಟ್ಟಾ, ಅಂಚಿನ ಚಿತ್ತಾರ ಎಬ್ಬಿಸುವ ಜಕಾರ್ಡ್ ಎಂಬ ಭಾರದ ಯಂತ್ರ ತಲೆಯ ಮೇಲಿರುತ್ತದೆ. ಒಂದೊಂದು ಎಳೆಗೂ ಅದನ್ನು ಕಾಲಿನಿಂದ ತುಳಿದು ಎತ್ತಬೇಕು. ತುಳಿದೂ ತುಳಿದೂ ಅಮ್ಮನ ಮೊಣಕಾಲು ಊದಿಕೊಂಡಿತ್ತು. ಹೀಗೇ ತುಳಿದರೆ ಇನ್ನು ಸ್ವಲ್ಪ ದಿನಕ್ಕೆ ನಡೆಯಲೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ಭಾರ ಎತ್ತಲು ಈಗ ಮೋಟರು ಬಂದಿದೆ. ಭುವನಾ ತನ್ನ ಸಂಬಳದ ಮೇಲೆ ಸಣ್ಣ ಸಾಲ ತೆಗೆದು ಅದನ್ನು ಹಾಕಿಸಬೇಕು ಎಂದಿದ್ದಳು. ಎಷ್ಟು ದೀಪಾವಳಿ ಎಂದು ಮೇಡಂ ಕೇಳಿದರು. ಎರಡು ಎಂದಳು. ಮೇಡಂ ಎಡಗಣ್ಣು ಮುಚ್ಚಿ, ತೆರೆದು, “ಒಳ್ಳೆ ದೀಪಾವಳಿ ಕಣ್ಣು. ತಗೋ” ಎಂದರು.

ಸಾಲಕ್ಕೆ ಅರ್ಜಿ ಹಾಕುವುದರೊಳಗೆ ಭುವನಾಳ ದೊಡ್ಡಪ್ಪನಿಗೆ ಸುದ್ದಿ ಹೋಯಿತು, ನಮ್ಮ ಮನೆಯ ಹುಡುಗಿಗೆ ಸಂಬಳದ ಸ್ಲಿಪ್ ಬರುತ್ತಿದೆ ಎಂದು. ನೇಯುವವರ ವಂಶದಲ್ಲಿ ಅದು ಮೊಟ್ಟಮೊದಲನೆಯ ಸಂಬಳದ ಸ್ಲಿಪ್ಪು. ಊರ ಬಾವಿಯ ಹಾಗೆ, ಯಾರು ಬೇಕಾದರೂ ಸೇದಬಹುದು ಎಂದು ಎಲ್ಲರೂ ತಿಳಿದದ್ದು ಸಹಜವೇ. ದೊಡ್ಡಪ್ಪನ ಮಗ ಸಾಮಾನು ಸಾಗಿಸುವ ಸಣ್ಣ ವ್ಯಾನು ತೆಗೆಯಲು ಹೊರಟಿದ್ದ. ಬ್ಯಾಂಕಿನವರು ಸಂಬಳದಾರರ ಜಾಮೀನು ಕೇಳಿದ್ದರು.

ಭುವನಾ ಸ್ಟಾಫ್ ರೂಮಿಗೆ ಬಂದು ಅತ್ತಳು. ಜಾಮೀನು ಹಾಕಿದರೆ ಅವಳ ಸಂಬಳಕ್ಕೆ ಬೇರೆ ಸಾಲ ಹುಟ್ಟುವುದಿಲ್ಲ, ಮೋಟರು ಇಲ್ಲ. “ದೊಡ್ಡಪ್ಪಂಗೆ ಹೆಂಗೆ ಮಿಸ್ ಆಗಲ್ಲ ಅನ್ನೋದು? ನನ್ನ ಪ್ಲಸ್ ಟು ಫೀಸು ಕಟ್ಟಿದ್ದೇ ಅವ್ರು. ಅಪ್ಪ ಅವ್ರ ಮುಂದೆ ಕೂತ್ಕೊಳ್ಳೋದೂ ಇಲ್ಲ.”

ಅವತ್ತು ಸಂಜೆ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ತಾಲೀಮು ನಡೆಸಿದೆವು. ಮೇಡಂ ದೊಡ್ಡಪ್ಪ. ನಾನು ಅಪ್ಪ, ನನ್ನ ಕೆಲಸ ನೆಲ ನೋಡುತ್ತಾ ನಿಲ್ಲುವುದು. ಭುವನಾ ಪ್ರತಿ ಸಲವೂ “ಸರಿ ದೊಡ್ಡಪ್ಪ” ಎಂದು ಮುಗಿಸುತ್ತಿದ್ದಳು. ಕೊನೆಗೆ ಮೇಡಂ ಕೈಚೆಲ್ಲಿ, “ಆಯುಧಪೂಜೆಗೆ ದೊಡ್ಡಪ್ಪ ಬರ್ತಾರೇಂತ ಅಂದೆಯಲ್ಲಾ? ನಾವೂ ಬರ್ತೀವಿ. ಆದ್ರೆ ನಾನು ಬಾಯಿ ಬಿಡಲ್ಲ ಕಣ್ಣು. ಹೇಳ್ಬೇಕಾದ್ದು ನೀನು ದಾ” ಎಂದರು.

ಆಯುಧಪೂಜೆಯ ದಿನ ಸಿರುಮುಗೈಯ ಆ ಬೀದಿಯಲ್ಲಿ ಯಾವ ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ಭುವನಾಳ ಮನೆಯ ಮಗ್ಗಕ್ಕೆ ಗಂಧ, ಕುಂಕುಮ, ಚೆಂಡುಹೂ. ಮುಂದೆ ಬಾಳೆ ಎಲೆಯ ಮೇಲೆ ರಾಶಿ ಮಂಡಕ್ಕಿ, ಹುರಿಗಡಲೆ. ದಾವಣಗೆರೆಯವಳಿಗೆ ಮಂಡಕ್ಕಿ ಕಂಡರೆ ಜೀವ ನಿಲ್ಲುತ್ತದೆಯೇ? ಮಂಗಳಾರತಿ ಯಾವಾಗ ಆಗುತ್ತದೋ ಎಂದು ಕಾಯುತ್ತಿದ್ದೆ. ಭುವನಾಳ ಅಮ್ಮ ಗೋಡೆ ಹಿಡಿದುಕೊಂಡು ಒಳಗೂ ಹೊರಗೂ ಓಡಾಡುತ್ತಿದ್ದರು. ಅಪ್ಪ ಕರ್ಪೂರ ಹುಡುಕುವ ನೆಪದಲ್ಲಿ ಯಾರ ಕಣ್ಣಿಗೂ ಸಿಗುತ್ತಿರಲಿಲ್ಲ.

ದೊಡ್ಡಪ್ಪ ಬಂದರು. ಎತ್ತರದ ಆಳು, ಬಿಳಿ ಪಂಚೆ, ಹಣೆ ತುಂಬಾ ವಿಭೂತಿ, ಮನೆ ತುಂಬುವ ದನಿ. ನೋಡಿದರೆ ಕೆಟ್ಟವರು ಅನ್ನಿಸಲಿಲ್ಲ. ಕೆಟ್ಟವರಾಗಿದ್ದರೆ ಕೆಲಸ ಎಷ್ಟು ಹಗುರವಾಗುತ್ತಿತ್ತು! ಎಲ್ಲರಿಗೂ ಸಿಹಿ ಹಂಚಿದರು, ನನಗೆ ಎರಡು ಕೊಟ್ಟರು. ಆಮೇಲೆ ಚೀಲದಿಂದ ಬ್ಯಾಂಕಿನ ಅರ್ಜಿ ತೆಗೆದು, ಅದರ ಮೂಲೆಗೆ ಗಂಧ ಕುಂಕುಮ ಹಚ್ಚಿ, ಮಗ್ಗದ ಮೇಲೆ ದೇವರ ಪಕ್ಕಕ್ಕೆ ಇಟ್ಟುಬಿಟ್ಟರು! ನಾನು ಮೇಡಂ ಮುಖ ನೋಡಿದೆ. ಈ ಪಟ್ಟು ಅವರ ಯಾವ ಪಾಠದಲ್ಲೂ ಇರಲಿಲ್ಲ. ಈಗ ಆಗಲ್ಲ ಎಂದರೆ ದೇವರಿಗೇ ಅಂದ ಹಾಗೆ.

ಮಂಗಳಾರತಿ ಆಯಿತು. ದೊಡ್ಡಪ್ಪ ಅರ್ಜಿಯನ್ನು ಕಣ್ಣಿಗೊತ್ತಿಕೊಂಡರು. “ಭುವನಾ, ಬಾ ಸಾಮಿ. ನಲ್ಲ ನೇರ ಇದು. ಒಂದು ಕೈಯೆಳುತ್ತು ಹಾಕ್ಬಿಡು. ದೀಪಾವಳಿಗೆ ಅಣ್ಣನ ಗಾಡಿ ಬಾಗ್ಲಲ್ಲಿ ನಿಂತಿರುತ್ತೆ.” ನಲ್ಲ ನೇರ ಎಂದರೆ ಒಳ್ಳೆಯ ಗಳಿಗೆ, ಕೈಯೆಳುತ್ತು ಎಂದರೆ ಸಹಿ.

“ದೊಡ್ಡಪ್ಪ, ಆಗಲ್ಲಿಂಗ” ಎಂದಳು ಭುವನಾ.

“ಏನು ಆಗಲ್ಲ? ಪೆನ್ನು ಇಲ್ವಾ?”

“ಪೆನ್ನು ಇದೆ ದೊಡ್ಡಪ್ಪ. ಕೈಯೆಳುತ್ತು ಆಗಲ್ಲ.”

ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಕಾರಣ ಹೇಳಕೂಡದು ಎಂಬುದು ಮೊದಲ ಪಾಠ. ಆದರೆ ಹುಡುಗಿ ಪಾಠವನ್ನೆಲ್ಲಾ ಗಾಳಿಗೆ ತೂರಿದಳು. “ಅಮ್ಮ ಈ ಗುಂಡಿಯಿಂದ ಮೇಲೆ ಬರ್ಬೇಕಾದ್ರೆ ನಾನೂ ಅಪ್ಪನೂ ಎರಡು ಕೈ ಹಿಡ್ಕೊಂಡು ಎತ್ತಬೇಕು ದೊಡ್ಡಪ್ಪ. ನಿಮಗೆ ಅದು ಗೊತ್ತಿಲ್ಲ, ಅಮ್ಮ ನಿಮ್ಮ ಮುಂದೆ ಹೇಳಲ್ಲ. ನನ್ನ ಸಂಬಳ ಮೊದ್ಲು ಅಮ್ಮನ ಕಾಲಿಗೆ. ಅಣ್ಣನ ಜೊತೆ ನಾನೇ ರಜ ಹಾಕಿ ಬ್ಯಾಂಕ್ ಬ್ಯಾಂಕಿಗೂ ಬರ್ತೀನಿ, ಪೇಪರೆಲ್ಲಾ ನಾನೇ ಬರೆದುಕೊಡ್ತೀನಿ. ಕೈಯೆಳುತ್ತು ಮಾತ್ರ ಕೇಳ್ಬೇಡಿಂಗ.” ದನಿ ನಡುಗುತ್ತಿತ್ತು. ಆದರೂ ಪೂರ್ತಿ ಹೇಳಿದಳು. ನನಗೆ ಎದ್ದು ತಬ್ಬಿಕೊಳ್ಳಬೇಕು ಅನ್ನಿಸಿತು.

ದೊಡ್ಡಪ್ಪ ತಮ್ಮನ ಕಡೆ ನೋಡಿದರು. ಭುವನಾಳ ಅಪ್ಪ ನೆಲ ನೋಡಿದರು. ತಾಲೀಮಿನಲ್ಲಿ ನನ್ನ ನಟನೆ ಬಹಳ ಸರಿಯಾಗಿತ್ತು. ಆಮೇಲೆ ಆ ಮನುಷ್ಯ ಮೇಡಂ ಕಡೆ ತಿರುಗಿ, ಎದುರಿಗೇ ಬಂದು ಕೂತರು. ಆ ದೊಡ್ಡ ದನಿ ಎಲ್ಲಿ ಹೋಯಿತೋ.

“ಟೀಚರಮ್ಮ, ನೀವು ಬಂದು ಪೂಜೇಲಿ ಕೂತಿದ್ದೀರಿ. ನಿಮಗೂ ಇನ್ನೂ ಸರ್ವಿಸ್ ಇದೆ ಅಂದ್ರು. ನೀವೊಂದು ಕೈಯೆಳುತ್ತು ಹಾಕಿದ್ರೆ ಆಗುತ್ತೆ. ನನ್ನ ಮಗ ಬೇರೆಯೋರ ಗಾಡಿ ಓಡಿಸಿ ಓಡಿಸಿ ಬೇಜಾರಾಗಿ ಹೋಗಿದ್ದಾನೆ ಟೀಚರಮ್ಮ. ಮನೇಲಿ ಮಾತೇ ಆಡಲ್ಲ.”

ಮೇಡಂ ಅವರ ಮುಖ ನೋಡಿದರು. ಅಯ್ಯೋ, ನೋಡಬೇಡಿ ಎಂದು ಪಕ್ಕದಿಂದ ತಿವಿದೆ. ತಡವಾಗಿತ್ತು. “ಅದಕ್ಕೇನುಂಗ…” ಎಂದರು. ಕೈ ಆಗಲೇ ಬ್ಯಾಗಿನೊಳಗೆ ಹೋಗಿ ಪೆನ್ನು ತಂದಿತ್ತು. ಎಷ್ಟು ಮಕ್ಕಳಿಗೆ, ಎಷ್ಟು ಶುಕ್ರವಾರ ಕಲಿಸಿದ ಪಾಠ! ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಭುವನಾ ಬಂದು ಆ ಪೆನ್ನನ್ನು ಅವರ ಕೈಯಿಂದ ತೆಗೆದುಕೊಂಡಳು. “ಮಿಸ್ ಹಾಕಲ್ಲ ದೊಡ್ಡಪ್ಪ.”

“ನಿನ್ನನ್ನಲ್ಲ ಕೇಳಿದ್ದು. ಅವ್ರೇ ಸರಿ ಅಂತಿದ್ದಾರಲ್ಲಾ?”

“ಅವ್ರಿಗೆ ಆಗಲ್ಲ ಅನ್ನೋಕೆ ಬರಲ್ಲ ದೊಡ್ಡಪ್ಪ. ಅದಕ್ಕೇ ನಾನು ಹೇಳ್ತಿದ್ದೀನಿ. ಅವ್ರು ನಮ್ಮ ಮನೆಗೆ ಊಟಕ್ಕೆ ಬಂದಿದ್ದಾರೆ.”

ಈ ಸಲ ದನಿ ನಡುಗಲಿಲ್ಲ. ಮೇಡಂ ಬಾಯಿ ತೆರೆದುಕೊಂಡೇ ಕೂತಿದ್ದರು. “ನಿನಗೆ ಹೆಂಗೆ ಗೊತ್ತು?” ಎಂದು ಸಣ್ಣಗೆ ಕೇಳಿದರು. “ಕಾಲೇಜಿಗೇ ಗೊತ್ತು ಮಿಸ್” ಎಂದಳು ಹುಡುಗಿ, ಅಷ್ಟೇ ಸಣ್ಣಗೆ.

ದೊಡ್ಡಪ್ಪ ಎದ್ದರು. ಅರ್ಜಿ ಮಡಚಿ ಜೇಬಿಗೆ ಹಾಕಿಕೊಂಡು ಬಾಗಿಲವರೆಗೆ ಹೋಗಿ ಒಂದು ಚಪ್ಪಲಿಗೆ ಕಾಲು ಹಾಕಿದರು. ಅವರು ಉಣ್ಣದೆ ಹೊಸಿಲು ದಾಟಿದರೆ ಅಲ್ಲಿಗೆ ಎರಡು ಮನೆಗಳ ಹೋಗುಬರುವಿಕೆ ಮುಗಿದಂತೆ. ಅದು ಆ ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಭುವನಾಳ ಅಮ್ಮ ಗೋಡೆ ಹಿಡಿದುಕೊಂಡು, ಕುಂಟುತ್ತಾ ಬಂದು, ಅವರ ಹಿಂದೆ ನಿಂತರು. “ಭಾವಾ, ಎಲೆ ಹಾಕಿದ್ದೀನಿ” ಎಂದರು.

ಆತ ತಿರುಗಿದರು. ಕೆಳಗೆ ತಮ್ಮನ ಹೆಂಡತಿಯ ಕಾಲು ನೋಡಿದರು. ಅಲ್ಲಿಯವರೆಗೂ ಅವರು ಅದನ್ನು ನೋಡಿಯೇ ಇರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. “ಹಾಕು. ಇಷ್ಟು ದೂರ ಬಂದಿದ್ದೀನಿ” ಎಂದರು. ರಸಕ್ಕೆ ಉಪ್ಪು ಕಮ್ಮಿ ಎಂದು ಗೊಣಗಿದರು, ಪಾಯಸ ಎರಡು ಸಲ ಹಾಕಿಸಿಕೊಂಡರು. ನಿಜ ಹೇಳಬೇಕೆಂದರೆ ಉಪ್ಪು ಸರಿಯಾಗಿಯೇ ಇತ್ತು.

ಭುವನಾ ಹೇಳಿದ ಹಾಗೆಯೇ ರಜ ಹಾಕಿ ಅಣ್ಣನ ಜೊತೆ ಬ್ಯಾಂಕುಗಳನ್ನು ಅಲೆದಳು. ಒಂದು ಕಡೆ ದೊಡ್ಡಮ್ಮನ ಬಳೆ ಇಟ್ಟುಕೊಂಡು ವ್ಯಾನಿಗೆ ಸಾಲ ಕೊಟ್ಟರು. ಪೊಂಗಲ್ ಹೊತ್ತಿಗೆ ಮಗ್ಗದ ಮೋಟರು ಸಿರುಮುಗೈಗೆ ಬಂದದ್ದು ಅದೇ ವ್ಯಾನಿನಲ್ಲಿ. ಬಾಡಿಗೆ ತೆಗೆದುಕೊಳ್ಳಲಿಲ್ಲವಂತೆ.

ಆದರೆ ನನಗೆ ಮರೆಯದಿರುವುದು ಆಯುಧಪೂಜೆಯ ಸಂಜೆ. ಅನ್ನೂರಿನ ಮೇಲೆ ಬರುವ ಬಸ್ಸು ಹತ್ತಿದ್ದೆವು. ಬಸ್ಸಿಗೂ ಪೂಜೆಯಾಗಿತ್ತು, ಮುಂದುಗಡೆ ಬಾಳೆಕಂಬ ಅಲ್ಲಾಡುತ್ತಿತ್ತು. ಹಾಡು ಜೋರಾಗಿ ಹಾಕಿದ್ದರು. ಶರವಣಂಪಟ್ಟಿ ಬರುವವರೆಗೂ ಇವರನ್ನು ಗೋಳು ಹೊಯ್ದುಕೊಳ್ಳಬೇಕು ಎಂದು ನಾನು ಮಂಡಕ್ಕಿಯ ಪೊಟ್ಟಣ ಬಿಚ್ಚಿಕೊಂಡು ಸಜ್ಜಾಗಿ ಕೂತಿದ್ದೆ. “ಏನುಂಗ ಮಿಸ್, ಪೆನ್ನು ಎಲ್ಲಿ?” ಎಂದು ಶುರುಮಾಡಿದೆ.

ಅವರು ನಗುತ್ತಿದ್ದರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒರೆಸಿದಷ್ಟೂ ಬರುತ್ತಿತ್ತು.

“ಮೈಸೂರಮ್ಮ, ಎಷ್ಟು ಜನಕ್ಕೆ ಎಷ್ಟು ಕಾಗದಕ್ಕೆ ಕೈಯೆಳುತ್ತು ಹಾಕಿದ್ದೀನಿ ನಾನು. ಅಪ್ಪ ಇದ್ರು, ಅಣ್ಣಂದಿರು ಇದ್ರು, ಮನೆಯೋರು ಇದ್ದಾರೆ, ಎಲ್ಲಾ ಇದ್ದಾರೆ. ಇವಳಿಗೆ ಆಗಲ್ಲ, ಬಿಟ್ಬಿಡಿ ಅಂತ ನನ್ನ ಪರವಾಗಿ ಹೇಳಿದೋರು ಇವತ್ತಿನವರೆಗೂ ಒಬ್ರೂ ಇರಲಿಲ್ಲ.”